ಬರಿಗಾಲಿನ ಅಳತೆ

ಅಂಗುಲಪ್ಪ ಸತ್ತುಹೋದ. ಮಂಗಳವಾರ ಬೆಳಗ್ಗೆ, ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಆಸ್ಪತ್ರೆಯ ಹಿಂಭಾಗದ ಬೂಟಿನ ಕೋಣೆಯಲ್ಲಿ, ತನ್ನ ಸ್ಟೂಲಿನ ಮೇಲೆ ಕೂತ ಹಾಗೆಯೇ. ವಯಸ್ಸು ಅರವತ್ತೊಂದು. ಮೂವತ್ತೆಂಟು ವರ್ಷ ಅಂಟಿನ ಹೊಗೆ ಕುಡಿದ ಶ್ವಾಸಕೋಶ ಕೊನೆಗೆ ಕೈಕೊಟ್ಟಿತು. ಡಾಕ್ಟರು ಕಾಗದದಲ್ಲಿ ಅಷ್ಟೆಲ್ಲ ಬಿಡಿಸಿ ಬರೆಯಲಿಲ್ಲ, ಎರಡು ಪದದಲ್ಲಿ ಮುಗಿಸಿದರು. ಆಸ್ಪತ್ರೆಯಲ್ಲೇ ಹೋದದ್ದರಿಂದ ಯಾರೂ ಓಡಾಡಬೇಕಾಗಲಿಲ್ಲ. ಸ್ಟ್ರೆಚರ್ ಹದಿನೈದು ಹೆಜ್ಜೆ ದೂರದಲ್ಲೇ ಇತ್ತು.

ಅಂಗುಲಪ್ಪ ಎಂಬುದು ಅವನ ಹೆಸರಲ್ಲ, ಆಸ್ಪತ್ರೆಯವರು ಇಟ್ಟದ್ದು. ಅವನ ಬಾಯಲ್ಲಿ ಎಲ್ಲವೂ ಅಂಗುಲದ ಲೆಕ್ಕದಲ್ಲೇ ಬರುತ್ತಿತ್ತು. ಚಹಾ ಬಗ್ಗಿಸುವವಳಿಗೆ "ಒಂದೂವರೆ ಅಂಗುಲ ಸಾಕಮ್ಮ" ಎನ್ನುತ್ತಿದ್ದ. ಸೂಪರಿಂಟೆಂಡೆಂಟರು ಬೈದುಹೋದ ಮೇಲೆ "ಒಳ್ಳೆಯವರೇ, ತಲೆಯಲ್ಲಿ ಕಾಲಂಗುಲ ಕಮ್ಮಿ ಬಿತ್ತು ಅಷ್ಟೇ" ಎನ್ನುತ್ತಿದ್ದ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅಳಿಯ ಬಸ್ ಕಂಡಕ್ಟರ್. ಅವರ ಒಬ್ಬಳೇ ಮಗಳಿಗೆ ಮನೆಯಲ್ಲಿ ಸಾಸಿವೆ ಎಂದು ಕರೆಯುತ್ತಾರೆ. ಹುಟ್ಟಿದಾಗ ಅಷ್ಟೇ ಇದ್ದಳಂತೆ.

ಅವನ ಕೆಲಸ ಎರಡು ಕಾಲು ಸಮ ಇಲ್ಲದವರಿಗೆ ಬೂಟು ಹೊಲಿಯುವುದು. ಒಂದು ಕಾಲು ಗಿಡ್ಡ ಇದ್ದವರಿಗೆ ಆ ಕಾಲಿನ ಬೂಟಿನ ಅಟ್ಟೆ ದಪ್ಪ ಮಾಡಿಕೊಡುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಅದನ್ನು ದಾರಿಯಲ್ಲಿ ಹೋಗುವ ಮಗುವೂ ಗುರುತು ಹಿಡಿಯುತ್ತದೆ. ಅಂಗುಲಪ್ಪ ಆ ಎತ್ತರವನ್ನು ಒಳಗೆ ಅಡಗಿಸುತ್ತಿದ್ದ. ಕಾರ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಹಿಮ್ಮಡಿಯ ಕಡೆ ಎತ್ತರಿಸಿ, ಬೆರಳ ಕಡೆ ಇಳಿಜಾರು ಮಾಡಿ, ಬೂಟಿನ ಕತ್ತನ್ನು ಅಷ್ಟೇ ಮೇಲಕ್ಕೆ ಹೊಲಿದು ಮುಚ್ಚುತ್ತಿದ್ದ. ಹೊರಗಿನಿಂದ ಎರಡೂ ಬೂಟು ಅವಳಿಜವಳಿಯ ಹಾಗೆ ಕಾಣಬೇಕು. "ನಾನು ಮಾಡಿದ್ದು ಕಣ್ಣಿಗೆ ಬಿತ್ತು ಅಂದ್ರೆ ನನ್ನ ಕೆಲಸ ಕೆಟ್ಟಿತು ಅಂತ ಅರ್ಥ" ಎನ್ನುತ್ತಿದ್ದ. ಒಮ್ಮೆ ಒಬ್ಬ ಟೈಪಿಸ್ಟ್ ಹುಡುಗಿ ಹೊಸ ಬೂಟು ಹಾಕಿಕೊಂಡು ಉದ್ದನೆಯ ಓಣಿಯಲ್ಲಿ ನಡೆದು ಹೋದಾಗ ಅವನು ಬಾಗಿಲಲ್ಲಿ ನಿಂತು ನೋಡಿದ. ಅವಳನ್ನಲ್ಲ, ಎದುರಿಗೆ ಬರುವವರನ್ನು. ಒಬ್ಬರೂ ಕತ್ತು ತಿರುಗಿಸಲಿಲ್ಲ. ಒಳಗೆ ಬಂದು "ಇವತ್ತು ಚಹಾ ಎರಡಂಗುಲ" ಎಂದ.

ಪ್ರತಿಯೊಬ್ಬರಿಗೂ ಅವನು ಒಂದು ಕಾರ್ಡು ಬರೆಯುತ್ತಿದ್ದ. ಅದರಲ್ಲಿ ಎತ್ತರಕ್ಕೆ ಎರಡು ಮನೆ. ಒಂದರಲ್ಲಿ 'ಬರಿಗಾಲು', ಇನ್ನೊಂದರಲ್ಲಿ 'ಬೂಟು'. ಬರಿಗಾಲಿನ ಲೆಕ್ಕವನ್ನು ಅವನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಬೂಟಿನದನ್ನು ಮಾತ್ರ ತೋರಿಸುತ್ತಿದ್ದ. ಕೇಳಿದರೂ ಹೇಳುತ್ತಿರಲಿಲ್ಲ.

ಪಕ್ಕದ ಕೋಣೆ ಬೈಂಡರನದು. ಆಸ್ಪತ್ರೆಯ ಹರಿದ ರಿಜಿಸ್ಟರುಗಳನ್ನು ಹೊಲಿದು ರಟ್ಟು ಹಾಕುವವನು. ಇಬ್ಬರ ನಡುವೆ ಒಂದೇ ಗೋಡೆ, ಒಂದೇ ಮೇಣದ ದಾರದ ಉಂಡೆ, ಇಪ್ಪತ್ತಾರು ವರ್ಷದ ಜಗಳ. ಅಂಗುಲಪ್ಪ ಮನಸ್ಸಿನ ಮಾತು ಆಡುತ್ತಿದ್ದುದು ಅವನೊಬ್ಬನ ಹತ್ತಿರವೇ. ಅದೂ ಬೈಗುಳದ ರೂಪದಲ್ಲಿ.

ಸಾಸಿವೆಗೆ ಹುಟ್ಟಿದಾಗಿನಿಂದ ಮೂತ್ರಪಿಂಡದ ತೊಂದರೆ. ತಿಂಗಳಿಗೊಮ್ಮೆ ಇದೇ ಆಸ್ಪತ್ರೆಗೆ ಬರಬೇಕು. ಒಂಬತ್ತು ತುಂಬಿದ ಹುಡುಗಿಯನ್ನು ನೋಡಿದವರು ಆರೋ ಏಳೋ ಅನ್ನುತ್ತಾರೆ. ಬಂದಾಗಲೆಲ್ಲ ಬೂಟಿನ ಕೋಣೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಅಜ್ಜ ಮೂಲೆಮಟ್ಟದ ಪಟ್ಟಿಯನ್ನು ತಲೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಆ ಗೆರೆಗಳು ಏಣಿಯ ಹಾಗೆ ಮೇಲೇರಿದ್ದವು. ಬೈಂಡರ್ ಒಮ್ಮೆ ಸೂಕ್ಷ್ಮವಾಗಿ ನೋಡಿದ. ಪಟ್ಟಿ ಅವಳ ಕೂದಲಿಗೆ ತಾಗುತ್ತಲೇ ಇರಲಿಲ್ಲ. ಕೂದಲಿಗೂ ಪಟ್ಟಿಗೂ ನಡುವೆ ಒಂದು ಹೆಬ್ಬೆರಳು ತೂರುವಷ್ಟು ಜಾಗ ಇರುತ್ತಿತ್ತು.

"ಗೆರೆಗೂ ಕಾರ್ಕ್ ಹಾಕ್ತೀಯಲ್ಲೋ" ಎಂದ ಬೈಂಡರ್, ಹುಡುಗಿ ಹೋದ ಮೇಲೆ.

"ನಿನ್ನಪ್ಪನ ಗಂಟೇನು ಹೋಯ್ತು?" ಎಂದ ಅಂಗುಲಪ್ಪ.

ಶಾಲೆಯವರು ಮಕ್ಕಳನ್ನು ರೈಲಿನಲ್ಲಿ ಮೂರು ಗಂಟೆ ದೂರದ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ 'ಸುಂಟರಗಾಳಿ' ಎಂಬ ರೋಲರ್ ಕೋಸ್ಟರ್ ಇತ್ತು. ಅದರ ಬಾಗಿಲಲ್ಲಿ ಒಂದು ಬಣ್ಣದ ಕೋಲು, ಮೇಲೆ ಅಡ್ಡಪಟ್ಟಿ, ನಾಲ್ಕು ಅಡಿ. ತಲೆ ಪಟ್ಟಿಗೆ ತಾಗದವರನ್ನು ಬಿಡುವುದಿಲ್ಲ. ತರಗತಿಯಲ್ಲಿ ತಾಗದವಳು ಸಾಸಿವೆ ಒಬ್ಬಳೇ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು, ಅಲ್ವಾ ಪುಟ್ಟಿ?" ಎಂದು ಟೀಚರು ಎಲ್ಲರ ಬ್ಯಾಗುಗಳನ್ನು ಅವಳ ಹತ್ತಿರ ಇಟ್ಟು ತಾವೂ ಹತ್ತಿದರು. ಮೂವತ್ತೊಂದು ಬ್ಯಾಗು. ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು ಲಗೇಜು.

ಇದನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ಅಜ್ಜನಿಗೆ ಹೇಳಿದಳು, ಅದೂ ಮೂರೇ ಮಾತಿನಲ್ಲಿ.

"ಮೂರು ಬೆರಳು, ಅಜ್ಜ."

"ಏನು ಮೂರು ಬೆರಳು?"

"ಕಮ್ಮಿ."

ಪೂರ್ತಿ ಕಥೆ ಬಿಡಿಸಿಕೊಳ್ಳಲು ಅವನಿಗೆ ಅರ್ಧ ದಿನ ಹಿಡಿಯಿತು. ಕೇಳಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೆಮ್ಮಿದ. ಆ ಹೊತ್ತಿಗೆ ಅವನ ಕೆಮ್ಮು ಎಲ್ಲಿಂದ ಬರುತ್ತಿದೆ ಎಂದು ಮೇಲಿನ ಮಹಡಿಯ ಡಾಕ್ಟರು ಅವನಿಗೆ ಹೇಳಿಯಾಗಿತ್ತು. ಎಷ್ಟು ದಿನ ಎಂದೂ ಸುಮಾರಾಗಿ ಹೇಳಿದ್ದರು. ಮಗಳಿಗೆ ಅವನು ಹೇಳಿರಲಿಲ್ಲ.

"ಅಷ್ಟೇನಾ?" ಎಂದ ಮೊಮ್ಮಗಳಿಗೆ. "ಮೂರು ಬೆರಳಿಗೆ ಯಾರಾದ್ರೂ ಅಳ್ತಾರಾ? ನಾನಿದೀನಲ್ಲ."

ಕಂದು ಬಣ್ಣದ ಬೂಟು ಹೊಲಿದ. ಒಳಗೆ ಎರಡೂಕಾಲು ಅಂಗುಲ. ಅವನ ಜೀವಮಾನದಲ್ಲೇ ಅಷ್ಟು ಚಿಕ್ಕ ಪಾದಕ್ಕೆ ಅಷ್ಟು ಎತ್ತರ ಅಡಗಿಸಿದ್ದಿಲ್ಲ. ಹಾಕಲು ತೆಗೆಯಲು ಸುಲಭವಾಗಲೆಂದು ಒಳಪಕ್ಕದಲ್ಲಿ ಜಿಪ್ಪು. ಪಾದ ಒಳಗೆ ಬೆರಳ ತುದಿಯಲ್ಲಿ ನಿಂತ ಹಾಗೆ ಇರುತ್ತಿತ್ತು, ನೋಯುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಬೂಟಿನ ಕೋಣೆಯಿಂದ ಬೈಂಡಿಂಗ್ ಕೋಣೆಗೆ, ಅಲ್ಲಿಂದ ಇಲ್ಲಿಗೆ ನಡೆದು ನಡೆದು ಅಭ್ಯಾಸ ಮಾಡಿದಳು. ಮೊದಲ ದಿನ ಕೋಳಿಯ ಹಾಗೆ, ಮೂರನೆಯ ದಿನ ಮನುಷ್ಯರ ಹಾಗೆ.

"ಮಗುಗೆ ಕಳ್ಳತನ ಕಲಿಸ್ತಿದೀಯಾ" ಎಂದ ಬೈಂಡರ್.

"ಕೋಲಿಗೆ ಮೋಸ ಮಾಡಿದ್ರೆ ಕೋಲು ಅಳುತ್ತಾ?"

"ಎರಡು ವರ್ಷ ಕಾಯೋ. ತಾನೇ ಬೆಳೀತಾಳೆ."

"ಅವಳ ಹತ್ರ ಎರಡು ವರ್ಷ ಇದೆ" ಎಂದ ಅಂಗುಲಪ್ಪ. ಉಳಿದದ್ದನ್ನು ಹೇಳಲಿಲ್ಲ. ಬೈಂಡರನೂ ಬಾಯಿಗೆ ಬೀಗ ಹಾಕಿಕೊಂಡ. ಹಾಕಿಕೊಳ್ಳಬಾರದಿತ್ತು.

ಅಜ್ಜ ಮೊಮ್ಮಗಳು ಒಪ್ಪಂದ ಮಾಡಿಕೊಂಡರು. ಬೂಟಿನ ಒಳಗಿನ ವಿಷಯ ಇಬ್ಬರಲ್ಲೇ ಇರಬೇಕು. ಅಮ್ಮನಿಗಿಲ್ಲ, ಅಪ್ಪನಿಗಿಲ್ಲ.

"ಸತ್ತರೂ ಹೇಳಲ್ಲ" ಎಂದಳು ಅವಳು.

"ಸತ್ತರೂ ಹೇಳಲ್ಲ" ಎಂದ ಅವನು.

ಶಾಲೆಯ ಪ್ರವಾಸವಾಗಿ ನಾಲ್ಕು ತಿಂಗಳಿಗೆ ಮನೆಯವರೆಲ್ಲ ಅದೇ ಪಾರ್ಕಿಗೆ ಹೋಗುವುದೆಂದಾಯಿತು. ಹೊರಡುವ ಹಿಂದಿನ ದಿನ ಅವಳು ಅಜ್ಜನ ಮನೆಯಲ್ಲೇ ಮಲಗಿದಳು. ಬೆಳಗ್ಗೆ ಇಬ್ಬರೂ ನೇರ ಸ್ಟೇಷನ್ನಿಗೆ ಬಂದರು. ಮಗಳು ಅಳಿಯ ಪ್ಲಾಟ್‌ಫಾರ್ಮಿನ ಬೆಂಚಿನ ಹತ್ತಿರ ಕಾಯುತ್ತಿದ್ದರು. ಮಗಳು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮುಚ್ಚುವುದನ್ನು ಮರೆತು ನೋಡುತ್ತ ನಿಂತಳು.

"ಏನೇ ಇದು? ಬಾ ಇಲ್ಲಿ. ನೆಟ್ಟಗೆ ನಿಂತ್ಕೋ."

ಸಾಸಿವೆ ನಿಂತಳು. ಅವಳ ತಲೆ ಅಮ್ಮನ ಕುರ್ತಾದ ಎದೆಯ ಗುಂಡಿಯ ಮಟ್ಟಕ್ಕೆ ಬಂತು. ಯಾವಾಗಲೂ ಅದಕ್ಕಿಂತ ಒಂದು ಗುಂಡಿ ಕೆಳಗಿರುತ್ತಿತ್ತು.

"ಹೊಸ ಬೂಟು ಅಮ್ಮ" ಎಂದಳು ಹುಡುಗಿ.

"ಬೂಟು ಅಂದ್ರೆ ಎಷ್ಟು, ಅರ್ಧ ಅಂಗುಲ ಇದ್ದೀತು" ಎಂದು ಮಗಳು ಬಗ್ಗಿ ಅಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಟ್ಟೆ ತೆಳುವಾಗಿತ್ತು. ಅಂಗುಲಪ್ಪನ ಕೆಲಸ ಅಲ್ಲವೇ. ಅವಳು ಗಂಡನ ತೋಳು ಹಿಡಿದಳು. "ರೀ, ಆ ಹೊಸ ಔಷಧಿ... ಹಿಡೀತಾ ಇದೆ ಕಣ್ರೀ."

ಆರು ತಿಂಗಳಿಂದ ಹೊಸ ಚುಚ್ಚುಮದ್ದು ನಡೆಯುತ್ತಿತ್ತು. ಹೋದ ತಿಂಗಳು ಡಾಕ್ಟರು, ಬಹಳ ಆಸೆ ಇಟ್ಟುಕೊಳ್ಳಬೇಡಿ, ಎಂದಿದ್ದರು. ಅವಳು ಇಟ್ಟುಕೊಂಡಿರಲಿಲ್ಲ. ಈಗ ಒಂದೇ ಸಲಕ್ಕೆ ಇಟ್ಟುಕೊಂಡಳು.

ಅಂಗುಲಪ್ಪ ಈ ಲೆಕ್ಕ ಹಾಕಿರಲಿಲ್ಲ. ಕೋಲನ್ನು ಲೆಕ್ಕ ಹಾಕಿದ್ದ, ಕೋಲು ಹಿಡಿದವರನ್ನು ಲೆಕ್ಕ ಹಾಕಿದ್ದ, ತಾಯಿಯನ್ನು ಬಿಟ್ಟಿದ್ದ. ಬಾಯಿ ತೆರೆದ. ಮೊಮ್ಮಗಳು ಅವನನ್ನೇ ನೋಡುತ್ತಿದ್ದಳು. ರೈಲು ಬಂತು. ಬಾಯಿ ಮುಚ್ಚಿದ.

ರೈಲಿನಲ್ಲಿ ಅವರದು ಕಿಟಕಿಯ ಪಕ್ಕದ ಎದುರುಬದುರು ಸೀಟು. ಅಳಿಯ ರಜೆಯ ದಿನವೂ ಕಂಡಕ್ಟರನೇ. ಬಾಗಿಲಲ್ಲಿ ನಿಂತವರನ್ನು "ಒಳಗೆ ನಡೀರಿ, ಒಳಗೆ ನಡೀರಿ, ಒಳಗೆ ಇನ್ನೂ ಊರಷ್ಟು ಜಾಗ ಇದೆ" ಎಂದು ಸರಿಸಿದ. ಎದುರು ಕೂತ ಯಾರೋ ಹೆಂಗಸು "ಮಗು ಎಷ್ಟನೇ ಕ್ಲಾಸು? ಎರಡಾ?" ಎಂದಾಗ ಮಗಳು ಎಂದಿನ ಹಾಗೆ ಮುಖ ಸಣ್ಣ ಮಾಡಲಿಲ್ಲ. "ನಾಲ್ಕು. ಈಗೀಗ ಬೆಳೀತಾ ಇದಾಳೆ" ಎಂದಳು. ಮುಂದಿನ ವರ್ಷಕ್ಕೆ ಸಮವಸ್ತ್ರ ಉದ್ದ ಬಿಟ್ಟು ಹೊಲಿಸಬೇಕು ಅಂದಳು. ಮಂಚ ಬದಲಿಸಬೇಕು ಅಂದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನೀನು ಕಾಲಿಗೆ ಮೊದಲೇ ಹಾಸಿಗೆ ತರ್ತೀಯಾ" ಎಂದು ಗಂಡ ನಕ್ಕ. ಅವಳೂ ನಕ್ಕಳು.

"ಅಪ್ಪ, ನೀವ್ಯಾಕೆ ಮಾತೇ ಆಡ್ತಿಲ್ಲ? ಎಷ್ಟಂಗುಲ ಇರಬಹುದು ಹೇಳಿ. ನಿಮ್ಮ ಕಣ್ಣಿನ ಅಳತೆ ತಪ್ಪಲ್ಲ."

"ರೈಲು ಅಲ್ಲಾಡ್ತಿದೆ" ಎಂದ ಅಂಗುಲಪ್ಪ. "ಅಲ್ಲಾಡೋವಾಗ ಅಳೀಬಾರದು."

ಸಾಸಿವೆ ಬೂಟು ಬಿಚ್ಚಲಿಲ್ಲ. ಅಮ್ಮ ಎರಡು ಸಲ ಹೇಳಿದರೂ ಬಿಚ್ಚಲಿಲ್ಲ. ಮೂರು ಗಂಟೆ ಬೆರಳ ತುದಿಯಲ್ಲಿ ಇದ್ದಳು. ಅವಳ ಪಾದ ಆಗಾಗ ಒದ್ದಾಡುವುದು ಅಜ್ಜನಿಗೆ ಗೊತ್ತಾಗುತ್ತಿತ್ತು. ಅವನು ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಬೂಟಿನ ಮೇಲಿನಿಂದಲೇ ಒತ್ತಿದ.

ಪಾರ್ಕಿನ ಗೇಟು, ಟಿಕೆಟ್ಟು, ಬಣ್ಣದ ಛತ್ರಿಗಳು, ಕಿರುಚಾಟ. ಮೊದಲು ದೋಣಿ, ಆಮೇಲೆ ಕನ್ನಡಿ ಮನೆ ಎಂದು ಅಳಿಯ ಹೇಳುತ್ತಿದ್ದಂತೆಯೇ ಸಾಸಿವೆ ಸುಂಟರಗಾಳಿಯ ಸಾಲಿನಲ್ಲಿ ನಿಂತಾಗಿತ್ತು. ಮುಕ್ಕಾಲು ಗಂಟೆ ನಿಂತರು. ಕೋಲಿನ ಹತ್ತಿರ ನಿಂತ ಹುಡುಗಿ ಹಳದಿ ಅಂಗಿ ತೊಟ್ಟಿದ್ದಳು. ಬೇಸರದ ಮುಖ.

"ಬಾ, ನಿಂತ್ಕೋ. ಬೂಟು ತೆಳ್ಳಗಿದೆ ತಾನೇ? ಆಯ್ತು."

ಪಟ್ಟಿ ಸಾಸಿವೆಯ ತಲೆಗೆ ಟಕ್ಕೆಂದು ಬಡಿಯಿತು. ಹಳದಿ ಅಂಗಿಯವಳು ಕೈ ಬೀಸಿದಳು. ಅಷ್ಟೇ. ನಾಲ್ಕು ತಿಂಗಳು ಅತ್ತದ್ದು ಆ ಟಕ್ ಎಂಬ ಸದ್ದಿಗೆ. ಸಾಸಿವೆ ಹಿಂತಿರುಗಿ ಬೇಲಿಯ ಆಚೆ ನಿಂತ ಅಮ್ಮನನ್ನು ನೋಡಿ ಎರಡೂ ಕೈ ಮೇಲೆತ್ತಿದಳು.

"ಹೋಗು ಹೋಗು! ಈ ಸಲ ಬ್ಯಾಗು ನಾನು ಕಾಯ್ತೀನಿ" ಎಂದು ಕೂಗಿದಳು ಅಮ್ಮ. ಶಾಲೆಯ ಕಥೆ ಅವಳಿಗೂ ಯಾರಿಂದಲೋ ತಿಳಿದಿತ್ತು ಅಂತಾಯಿತು. ನಾಲ್ಕು ಬ್ಯಾಗುಗಳನ್ನು ಹೆಗಲಿಗೆ ಏರಿಸಿಕೊಂಡು ನಗುತ್ತ ನಿಂತಿದ್ದಳು.

ಅಪ್ಪನ ಜೊತೆ ಕೂರಬೇಕೆಂದು ಮಾತಾಗಿತ್ತು. ಕೊನೆಯ ಗಳಿಗೆಯಲ್ಲಿ ಹುಡುಗಿ ಅಜ್ಜನ ಕೈ ಎಳೆದಳು. "ಮಾವ, ಬೇಡ, ನಿಮಗೆ ದಮ್ಮು" ಎಂದ ಅಳಿಯ. ಎದುರಿಗೇ ಬೋರ್ಡಿತ್ತು, ಎದೆ ಬೇನೆಯವರು ಉಸಿರಾಟದ ತೊಂದರೆಯವರು ಹತ್ತಬಾರದು ಎಂದು. ಅಂಗುಲಪ್ಪ ಓದಿದ. "ನೀರಿಗಿಳಿದ ಮೇಲೆ ಚಳಿ ಏನು ಬಂತು" ಎಂದು ಹತ್ತಿ ಕೂತ. ಅಳಿಯ ಹಿಂದಿನ ಸಾಲಿನಲ್ಲಿ ಕೂತ.

ಇಬ್ಬಿಬ್ಬರಿಗೆ ಒಂದು ಸೀಟು, ಇಬ್ಬರಿಗೂ ಸೇರಿ ತೊಡೆಯ ಮೇಲೆ ಬಂದು ಕೂರುವ ಒಂದೇ ಕಬ್ಬಿಣದ ಅಡ್ಡಪಟ್ಟಿ. ಒಬ್ಬ ಹುಡುಗ ಬಂದು ಅದನ್ನು ಒತ್ತಿ ಇಳಿಸಿದ. ಅಂಗುಲಪ್ಪನ ತೊಡೆಗೆ ತಾಗಿ ನಿಂತಿತು. ಹುಡುಗ ಒಂದು ಸಲ ಅಲ್ಲಾಡಿಸಿ ಮುಂದಿನ ಸಾಲಿಗೆ ಹೋದ.

ಅಂಗುಲಪ್ಪ ಪಕ್ಕಕ್ಕೆ ನೋಡಿದ. ಅಭ್ಯಾಸಬಲ. ಎರಡು ವಸ್ತುಗಳ ನಡುವೆ ಸಂದು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮೊಮ್ಮಗಳ ತೊಡೆಗೂ ಅಡ್ಡಪಟ್ಟಿಗೂ ನಡುವೆ ಬೆರಳು ತೂರಿಸಿದ. ಎರಡು ಬೆರಳು ಹೋಯಿತು, ನಾಲ್ಕು ಹೋಯಿತು. ಕೈ ಮುಷ್ಟಿ ಮಾಡಿ ಅಡ್ಡಕ್ಕೆ ನಿಲ್ಲಿಸಿದ. ಮುಷ್ಟಿ ನಿಂತಿತು, ಮೇಲೆ ಇನ್ನೂ ಜಾಗ ಉಳಿಯಿತು. ಅವಳ ಬೆನ್ನು ಸೀಟಿನ ಕುಳಿಗೆ ಹತ್ತಿರಲಿಲ್ಲ. ಬೂಟು ತುಳಿಯುವ ಹಲಗೆಗೆ ಮುಟ್ಟದೆ ಗಾಳಿಯಲ್ಲಿ ತೂಗುತ್ತಿತ್ತು. ಬೂಟಿನಲ್ಲಿ ಎರಡೂಕಾಲು ಅಂಗುಲ ಇದ್ದರೂ ಕೂತ ಮೇಲೆ ಅದರಿಂದ ಏನು?

ಮೂವತ್ತೆಂಟು ವರ್ಷ ಅವನು ಜನರ ಕಣ್ಣಿಗೆ ಮಣ್ಣೆರಚುವುದನ್ನು ಪುಣ್ಯದ ಕೆಲಸ ಎಂದುಕೊಂಡು ಮಾಡಿದ್ದ. ಅದು ಪುಣ್ಯದ ಕೆಲಸವೇ ಆಗಿತ್ತು. ಬಾಗಿಲಲ್ಲಿ ನಿಂತ ಕೋಲನ್ನೂ ಅಂಥದೇ ಇನ್ನೊಂದು ಕಣ್ಣು, ಅವಮಾನ ಮಾಡಲೆಂದೇ ನಿಂತದ್ದು ಅಂದುಕೊಂಡಿದ್ದ. ಅದು ಈ ಸಂದನ್ನು ಅಳೆಯುವ ಕೋಲು ಎಂದು ಅವನಿಗೆ ಹೊಳೆದದ್ದು ಮುಷ್ಟಿ ಅಲ್ಲಿ ನಿಂತಾಗ.

ಮೊದಲ ಗಂಟೆ ಬಾರಿಸಿತು. ಎರಡನೆಯದಕ್ಕೆ ಗಾಡಿ ಹೊರಡುತ್ತದೆ.

ಅವನು ತಕ್ಷಣ ಕೂಗಲಿಲ್ಲ. ಇದನ್ನು ಆಮೇಲೆ ಬೈಂಡರನ ಎದುರು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಮೊದಲ ಗಂಟೆಗೂ ಎರಡನೆಯದಕ್ಕೂ ನಡುವೆ ಅವನು ಸುಮ್ಮನೆ ಕೂತಿದ್ದ. ಬೇಲಿಯ ಹತ್ತಿರ ಮಗಳು ಕೈ ಬೀಸುತ್ತಿದ್ದಳು. ಮೊಮ್ಮಗಳ ಮುಖ ಅವನು ಎಂದೂ ನೋಡದಷ್ಟು ಅರಳಿತ್ತು. ಗಟ್ಟಿಯಾಗಿ ಹಿಡಿದುಕೊಂಡರಾಯಿತು, ಒಂದು ಕೈ ಅಡ್ಡ ಹಾಕಿದರಾಯಿತು, ಎರಡು ನಿಮಿಷದ ಆಟ ಅಲ್ಲವೇ, ಎಂದುಕೊಂಡ. ಅಷ್ಟು ಹೊತ್ತು ಅವನು ಹಾಗೆ ಅಂದುಕೊಂಡಿದ್ದ. "ಅಷ್ಟು ಹೊತ್ತು ಕಣೋ" ಎಂದು ಬೈಂಡರನಿಗೆ ಎರಡು ಬೆರಳಿನ ನಡುವೆ ಸಂದು ಮಾಡಿ ತೋರಿಸುತ್ತಿದ್ದ, ಹೊತ್ತನ್ನೂ ಅಂಗುಲದಲ್ಲಿ ಅಳೆಯಬಹುದು ಎಂಬಂತೆ.

ಎರಡನೆಯ ಗಂಟೆ ಬಾರಿಸಿತು. ಗಾಡಿ ಜಗ್ಗಿತು. ಸಾಸಿವೆ ಸೀಟಿನಲ್ಲಿ ಸರ್ರನೆ ಮುಂದಕ್ಕೆ ಜಾರಿ ಪಟ್ಟಿಯ ಕೆಳಗೆ ಅರ್ಧ ಬಂದಳು.

ಕೂಗಲು ಹೋದ. ಉಸಿರು ಬರಲಿಲ್ಲ, ಕೆಮ್ಮು ಬಂತು. ಕೈ ಅವಳ ಬೂಟಿಗೆ ಹೋಯಿತು. ಜಿಪ್ಪು ಎಳೆದು, ಬೂಟು ಕಿತ್ತು, ಯಂತ್ರ ನಡೆಸುವವನು ಕೂತಿದ್ದ ಗಾಜಿನ ಪೆಟ್ಟಿಗೆಯತ್ತ ಬೀಸಿ ಎಸೆದ. ಬೂಟು ಗಾಜಿಗೆ ಬಡಿಯಿತು. ಗಾಡಿ ಗಕ್ಕನೆ ನಿಂತಿತು. ಮೂರಡಿಯೂ ಹೋಗಿರಲಿಲ್ಲ.

"ರೀ ಯಜಮಾನ್ರೇ! ತಲೆ ಕೆಟ್ಟಿದೆಯಾ?"

ಬೂಟು ಕಟ್ಟೆಯ ಮೇಲೆ ಬಾಯ್ದೆರೆದು ಬಿದ್ದಿತ್ತು. ಒಳಗಿನ ಕಾರ್ಕು ಕಳಚಿಕೊಂಡು ಹೊರಗೆ ಉರುಳಿತ್ತು. ಹಳದಿ ಅಂಗಿಯವಳು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಇದೇನಿದು?"

"ಎರಡೂಕಾಲು ಅಂಗುಲ" ಎಂದ ಅಂಗುಲಪ್ಪ, ಒಂದೊಂದೇ ಪದವನ್ನು ಎಳೆದು ತೆಗೆದು. "ನಾನೇ... ಇಟ್ಟಿದ್ದು. ಮಗು ಎತ್ತರ ಸಾಲಲ್ಲ. ಇಳಿಸಿ."

ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಯಾರೋ ನಕ್ಕರು. "ವಯಸ್ಸಾದವರಿಗಾದ್ರೂ ಬುದ್ಧಿ ಬೇಡವಾ, ಮಗುನ ಕೊಲ್ತಿದ್ರಲ್ಲ" ಎಂದಿತು ಒಂದು ಹೆಣ್ಣಿನ ದನಿ. ಅದು ಸರಿಯಾದ ಮಾತು. "ಕುಳ್ಳಿ ಕುಳ್ಳಿ" ಎಂದು ಯಾವುದೋ ಮಗು ಹಾಡಿ ಬೆನ್ನಿಗೆ ಏಟು ತಿಂದಿತು.

ಅಡ್ಡಪಟ್ಟಿ ಎತ್ತಿದರು. ಸಾಸಿವೆ ಇಳಿದು ಹೊರಬಾಗಿಲ ಕಡೆ ನಡೆದಳು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ಪ್ರತಿ ಹೆಜ್ಜೆಗೂ ಭುಜ ವಾಲುತ್ತಿತ್ತು. ಸಾವಿರಾರು ಜನರ ಕುಂಟು ಮರೆಮಾಡಿದವನು ಹಿಂದಿನಿಂದ ನೋಡುತ್ತ ಬಂದ. ಎದುರಿಗೆ ಬರುವವರೆಲ್ಲ ಕತ್ತು ತಿರುಗಿಸುತ್ತಿದ್ದರು.

ಹಳದಿ ಅಂಗಿಯವಳು ಬೂಟನ್ನೂ ಕಾರ್ಕನ್ನೂ ಬೇಲಿಯ ಹತ್ತಿರ ನಿಂತಿದ್ದ ತಾಯಿಯ ಕೈಗೆ ಕೊಟ್ಟಳು. ಅವಳು ಕಾರ್ಕಿನ ದಪ್ಪ ತುದಿಯನ್ನು ಬೆರಳಿನಲ್ಲಿ ಹಿಡಿದು ನೋಡಿದಳು. ಹೆಗಲ ಮೇಲೆ ಇನ್ನೂ ನಾಲ್ಕು ಬ್ಯಾಗು ತೂಗುತ್ತಿದ್ದವು. ಒಂದು ಗುಂಡಿಯಷ್ಟು ಬೆಳೆದಿದ್ದ ಮಗಳು ಅವಳ ಕೈಯಲ್ಲಿದ್ದಳು.

ಮರಳುವ ರೈಲಿಗೆ ಇನ್ನೂ ಐದು ಗಂಟೆ ಇತ್ತು. ಬೇರೆ ಯಾವ ಆಟಕ್ಕೂ ಹೋಗದೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತರು. ಅಳಿಯ ಒಮ್ಮೆ, "ಮಾವ ನಿಲ್ಲಿಸಿದ್ರಲ್ಲ, ಅದನ್ನೂ ನೋಡಬೇಕು" ಎಂದ. ಯಾರೂ ನೋಡಲಿಲ್ಲ.

ರೈಲಿನಲ್ಲಿ ಮಗಳು ಮಾತಾಡಿದಳು. ದನಿ ಏರಿಸಲಿಲ್ಲ. "ಅವಳಿಗೆ ಮಾಡಿದ್ದು ಬಿಡಿ ಅಪ್ಪ. ಆಸೆ ಪಟ್ಟಳು, ಮಾಡಿಕೊಟ್ಟಿರಿ. ನನಗ್ಯಾಕೆ ಹೇಳಲಿಲ್ಲ? ಮೂರು ಗಂಟೆ. ನಾನು ಮಂಚ ಬದಲಿಸೋ ಮಾತಾಡಿದೆ. ನೀವು ಎದುರಿಗೇ ಕೂತಿದ್ರಿ."

ಸಾಸಿವೆ ಎರಡೂ ಬೂಟು ಕಳಚಿ ಸೀಟಿನ ಕೆಳಗೆ ತಳ್ಳಿದ್ದಳು. ಇಳಿಯುವ ಸ್ಟೇಷನ್ ಹತ್ತಿರ ಬಂದಾಗ ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ತಲೆ ತಪ್ಪಿಸಿದಳು.

"ಸತ್ತರೂ ಹೇಳಲ್ಲ ಅಂದಿದ್ದೆ ನೀನು."

"ಹೌದು ಕಂದ."

"ನೀನೇ ಹೇಳಿಬಿಟ್ಟೆ. ಎಲ್ಲರ ಮುಂದೆ."

"ನೀನು ಬಿದ್ದುಹೋಗ್ತಿದ್ದೆ."

"ಬೀಳ್ತೀನಿ ಅಂತ ಬೂಟು ಮಾಡೋವಾಗ ಗೊತ್ತಿರಲಿಲ್ವಾ?"

ಒಂಬತ್ತು ವರ್ಷದವಳ ಪ್ರಶ್ನೆ. "ಗೊತ್ತಿರಲಿಲ್ಲ" ಎಂದ. ಅವಳು ನಂಬಲಿಲ್ಲ. ಅಜ್ಜನಿಗೆ ಅಳತೆಯ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಅವಳಿಗೆ ಹೇಳಿಕೊಟ್ಟವನೇ ಅವನು.

ಆಮೇಲೆ ಐದು ವಾರ ಅವಳು ಬೂಟಿನ ಕೋಣೆಗೆ ಬರಲಿಲ್ಲ. ನಡುವೆ ಒಂದು ಸಲ ಆಸ್ಪತ್ರೆಗೆ ಬಂದಿದ್ದಳು, ಮುಂದಿನ ಬಾಗಿಲಿನಿಂದ ಬಂದು ಮುಂದಿನ ಬಾಗಿಲಿನಿಂದಲೇ ಹೋದಳು. ಅಂಗುಲಪ್ಪ ಓಣಿಯ ತುದಿಯಲ್ಲಿ ನಿಂತು ನೋಡಿದ. ಮಗಳು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಊಟ ಆಯಿತಾ, ಮಾತ್ರೆ ಆಯಿತಾ ಎಂದು ಕೇಳಿ ಇಡುತ್ತಿದ್ದಳು. ಡಾಕ್ಟರು ಹೇಳಿದ್ದ ದಿನಗಳ ವಿಷಯ ಅವನು ಆಗಲೂ ಅವಳಿಗೆ ಹೇಳಲಿಲ್ಲ. ಹೇಳಿದರೆ ಕ್ಷಮೆಗೆ ದುಂಬಾಲು ಬಿದ್ದ ಹಾಗಾಗುತ್ತದೆ ಅಂದ. ಬೈಂಡರ್ ಬೈದ. ತಾನೇ ಹೇಳುತ್ತೇನೆ ಎಂದು ಹೆದರಿಸಿದ. ಹೇಳಲಿಲ್ಲ.

ಕೆಲಸಕ್ಕೆ ಬರಬೇಡ ಎಂದಿದ್ದರೂ ಬರುತ್ತಿದ್ದ. ಅಂಟು ಮುಟ್ಟುತ್ತಿರಲಿಲ್ಲ, ಹೊಲಿಗೆ ಮಾತ್ರ. ಎರಡು ಹೊಲಿಗೆಗೊಮ್ಮೆ ದಬ್ಬಳ ಕೆಳಗಿಟ್ಟು ಉಸಿರು ಒಟ್ಟು ಮಾಡಿಕೊಳ್ಳುತ್ತಿದ್ದ. ಚಹಾ ಬಗ್ಗಿಸುವವಳು ಎಷ್ಟಂಗುಲ ಎಂದು ಕೇಳಿದರೆ ಕೈಯಲ್ಲೇ ಸಾಕು ಎನ್ನುತ್ತಿದ್ದ.

ಕಳೆದ ಮಂಗಳವಾರ ಸಾಸಿವೆಯ ತಪಾಸಣೆಯ ದಿನ. ತಾಯಿ ಚೀಟಿಯ ಸಾಲಿನಲ್ಲಿ ನಿಂತಿದ್ದಾಗ ಹುಡುಗಿ ಒಬ್ಬಳೇ ಓಣಿ ದಾಟಿ ಹಿಂದಕ್ಕೆ ಬಂದಳು. ಹತ್ತೂಕಾಲು ಆಗಿತ್ತು. ಬೈಂಡರ್ ಪಕ್ಕದ ಕೋಣೆಯಲ್ಲಿ ರಟ್ಟು ಕತ್ತರಿಸುತ್ತಿದ್ದ. ಗೋಡೆ ತೆಳು, ಎಲ್ಲ ಕೇಳಿಸುತ್ತಿತ್ತು.

"ಅಜ್ಜ."

ಸ್ಟೂಲು ಕಿರ್ರೆಂದಿತು.

"ಡಾಕ್ಟರು ಈಗ ಅಳೀತಾರೆ. ಅವರು ಅಳೆಯೋಕೆ ಮುಂಚೆ ನೀನು ಅಳಿ. ಸರಿಯಾಗಿ ಅಳಿ."

"ಸರಿಯಾಗಿ ಅಂದ್ರೆ?"

"ಸರಿಯಾಗಿ ಅಂದ್ರೆ ಸರಿಯಾಗಿ."

ಬೈಂಡರ್ ಕತ್ತರಿ ಇಟ್ಟು ಬಾಗಿಲಿಗೆ ಬಂದ. ಸಾಸಿವೆ ಚಪ್ಪಲಿ ಬಿಟ್ಟು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕತ್ತು ಎಷ್ಟಾಗುತ್ತದೋ ಅಷ್ಟು ಮೇಲೆ, ಉಸಿರು ಬಿಗಿ ಹಿಡಿದು. ಹಿಮ್ಮಡಿ ನೆಲದಿಂದ ಮೇಲೆದ್ದಿತ್ತು. ಅವಳಿಗೂ ಗೊತ್ತಿತ್ತೋ ಇಲ್ಲವೋ. ಮೂರು ದಿನ ಕಲಿತ ಅಭ್ಯಾಸ ಪಾದ ಮರೆತಿರಲಿಲ್ಲ.

ಅಂಗುಲಪ್ಪ ಮೂಲೆಮಟ್ಟದ ಪಟ್ಟಿ ಹಿಡಿದು ಬಂದವನು ಅವಳ ಕಾಲು ನೋಡಿ ನಿಂತ. ಆಮೇಲೆ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಮಂಡಿಯೂರಿದ. ಬಗ್ಗಿದರೆ ಅವನಿಗೆ ಉಸಿರೇ ಇರುತ್ತಿರಲಿಲ್ಲ. ಎರಡೂ ಕೈಯಲ್ಲಿ ಅವಳ ಎರಡು ಹಿಮ್ಮಡಿ ಹಿಡಿದು, ನೆಲ ಮುಟ್ಟುವವರೆಗೆ ಕೆಳಕ್ಕೆ ಒತ್ತಿದ. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಬೈಂಡರ್ ಏಳಿಸಲು ಹೋದರೆ ಬೇಡ ಎಂದು ತಲೆಯಾಡಿಸಿದ. ತಾನೇ ಎದ್ದ.

ಪಟ್ಟಿಯನ್ನು ತಲೆಯ ಮೇಲಿಟ್ಟ. ಈ ಸಲ ಅದು ಕೂದಲನ್ನು ಒತ್ತಿ ನೆತ್ತಿಗೆ ತಾಗಿತು. ಗೆರೆ ಎಳೆದ.

ಸಾಸಿವೆ ಹೊರಳಿ ನೋಡಿದಳು. ಹೊಸ ಗೆರೆ ಹೋದ ವರ್ಷದ ಗೆರೆಗಿಂತ ಅರ್ಧ ಅಂಗುಲ ಕೆಳಗಿತ್ತು.

"ಕೆಳಗೆ ಬಂತಲ್ಲ ಅಜ್ಜ."

"ಮೇಲಿನವೆಲ್ಲ ಸುಳ್ಳು. ನಾನು ಸೇರಿಸಿ ಎಳೆದದ್ದು. ಇದು ನಿಜ."

ಅವಳು ಏಣಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಎಲ್ಲಾನಾ?"

"ಎಲ್ಲಾನೂ."

"ನಾನು ಬೆಳೀತೀನಾ?"

ನಾನಿದೀನಲ್ಲ ಎಂದು ಅವನು ಹೇಳುತ್ತಾನೆಂದು ಬೈಂಡರ್ ಕಾದ. "ಗೊತ್ತಿಲ್ಲ ಕಂದ" ಎಂದ ಅಂಗುಲಪ್ಪ.

ಓಣಿಯ ಆ ತುದಿಯಿಂದ ತಾಯಿ ಕೂಗಿದಳು. ಸಾಸಿವೆ ಚಪ್ಪಲಿ ಮೆ‍ಟ್ಟಿಕೊಂಡಳು. ಕ್ಷಮಿಸಿದಳು ಎಂದು ಹೇಳುವಂಥದ್ದೇನೂ ಅವಳು ಮಾಡಲಿಲ್ಲ. "ಡಾಕ್ಟರು ಇಷ್ಟೇ ಹೇಳ್ತಾರಾ ನೋಡ್ಕೊಂಡು ಬರ್ತೀನಿ, ಇಲ್ಲೇ ಇರು" ಎಂದು ಓಡಿದಳು. ಬೈಂಡರ್ ತನ್ನ ರಟ್ಟಿಗೆ ಹಿಂತಿರುಗಿದ.

ಅವಳು ವಾಪಸು ಬಂದಾಗ ಅವನು ಸ್ಟೂಲಿನ ಮೇಲೆ, ಚೌಕಟ್ಟಿಗೆ ಒರಗಿ ಕೂತಿದ್ದ. ಪೆನ್ಸಿಲು ಕೈಯಲ್ಲೇ ಇತ್ತು. ಹೊಸ ಗೆರೆಯ ಪಕ್ಕದಲ್ಲಿ ತಾರೀಖು ಹಾಕಿ, ಮೂರು ಅಡಿ ಹತ್ತು ಅಂಗುಲ ಎಂದು ಬರೆದು, ಯಾರಿಗೂ ತೋರಿಸದೆ ಹೆಬ್ಬೆರಳಿನಲ್ಲಿ ಮುಚ್ಚಿಡುತ್ತಿದ್ದ ಆ ಪದವನ್ನು ಅದರ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದ: ಬರಿಗಾಲು.